ಒಂದು ಬರಬೇಕಾದಲ್ಲಿ ಎರಡು

ವಿಜಯಮಹಾಂತೇಶನ ಮೊಬೈಲಿಗೆ ಅವನಿದ್ದ ಸಾಲುಮನೆಗಳ ಇಡೀ ಚಾಳಿನಲ್ಲಿ ರೇಂಜ್ ಸಿಗುತ್ತಿದ್ದದ್ದು ಒಂದೇ ಕಡೆ, ನಳದ ಕಟ್ಟೆಯ ಪಕ್ಕದಲ್ಲಿ. ಅಂದು ನಡೆದದ್ದಕ್ಕೆಲ್ಲ ಮೂಲ ಇಷ್ಟೇ. ಆ ಮಾತನ್ನು ಅವನು ಮನೆಯೊಳಗೆ ಕೂತು ಆಡಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ, ಹಾವೇರಿಯ ಆಸ್ಪತ್ರೆಯಲ್ಲಿ ಅವನ ಹೆಂಡತಿಯನ್ನು ಯಾರೂ ಸ್ಕ್ಯಾನಿಂಗ್ ಕೋಣೆಗೆ ದಬ್ಬುತ್ತಲೂ ಇರಲಿಲ್ಲ.

ಅವನು ರಾಣೇಬೆನ್ನೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ತಾತ್ಕಾಲಿಕ ಉಪನ್ಯಾಸಕ. ತಾತ್ಕಾಲಿಕ ಎಂಬುದು ಅವನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು "ಹುಡುಗ ಪರ್ಮನೆಂಟ್ ಏನ್ರಿ" ಎಂದು ಕೇಳಿದಾಗ, "ಹುಡುಗ ಪರ್ಮನೆಂಟ್ ಅದಾನ್ರಿ, ನೌಕರಿ ಅಷ್ಟ ಇಲ್ಲ" ಎಂದು ಅವನ ಸೋದರಮಾವ ಸಮಾಧಾನ ಹೇಳಬೇಕಾಗಿತ್ತು. ಆ ನೌಕರಿ ಕಾಯಂ ಆಗುವ ಕಾಲ ಈಗ ಬಂದಿತ್ತು. ಮಧ್ಯಾಹ್ನ ಆಯ್ಕೆ ಸಮಿತಿ ಬರುವುದಿತ್ತು. ಅದರ ಮುಖ್ಯಸ್ಥರು ಪ್ರೊಫೆಸರ್ ಸಿದ್ದಲಿಂಗಪ್ಪನವರು. ಅವರೆದುರು ಒಂದು ಪಾಠ ಮಾಡಿ ತೋರಿಸಬೇಕು. ಪಾಠದ ವಿಷಯವನ್ನೂ ಅವರೇ ಕಳಿಸಿದ್ದರು: ತದ್ರೂಪಿ ಕಣಗಳ ತರಂಗ ಫಲನವನ್ನು ನಾರ್ಮಲೈಸ್ ಮಾಡುವುದು.

ತರಂಗ ಫಲನ ಎಂದರೆ ಕಣ ಎಲ್ಲೆಲ್ಲಿ ಇರಬಹುದು ಎಂದು ಹೇಳುವ ಒಂದು ಲೆಕ್ಕ. ಎಲ್ಲ ಸಾಧ್ಯತೆಗಳನ್ನು ಕೂಡಿಸಿದರೆ ಉತ್ತರ ಸರಿಯಾಗಿ ಒಂದು ಬರಬೇಕು, ಯಾಕೆಂದರೆ ಕಣ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಹಾಗೆ ಒಂದು ಬರುವಂತೆ ಸರಿಪಡಿಸುವುದಕ್ಕೆ ನಾರ್ಮಲೈಸ್ ಮಾಡುವುದು ಎನ್ನುತ್ತಾರೆ. ಎರಡು ಕಣಗಳು ಬೇರೆ ಬೇರೆ ಸ್ಥಿತಿಯಲ್ಲಿದ್ದರೆ, ಅವು ಅದಲು ಬದಲಾದ ಎರಡೂ ಬಗೆಗಳನ್ನು ಕೂಡಿಸಿ ಎರಡರ ವರ್ಗಮೂಲದಿಂದ ಭಾಗಿಸಿದರಾಯಿತು, ಒಂದು ಬರುತ್ತದೆ. ವಿಜಯಮಹಾಂತೇಶ ಅಷ್ಟಕ್ಕೆ ಬಿಡದೆ, ಎರಡೂ ಒಂದೇ ಸ್ಥಿತಿಯಲ್ಲಿದ್ದರೆ ಏನಾಗುತ್ತದೆ ನೋಡೋಣವೆಂದು ಅಲ್ಲಿಯೂ ಅದೇ ಸೂತ್ರ ಹಾಕಿದ. ಎಷ್ಟು ಸಲ ಮಾಡಿದರೂ ಒಂದು ಬರಬೇಕಾದಲ್ಲಿ ಎರಡು ಬಂತು. ಬೆಳಗಾಗುತ್ತಲೇ ಮೊಬೈಲು ಹಿಡಿದು ನಳದ ಕಟ್ಟೆಗೆ ಓಡಿದ. ಅಲ್ಲಿ ಕೊಡಗಳ ಸಾಲಿತ್ತು. ಕೊಡಗಳ ಹಿಂದೆ ಹೆಂಗಸರಿದ್ದರು. ಅವನಿಗೆ ಕಂಡದ್ದು ಮೊಬೈಲಿನ ಮೇಲಿನ ರೇಂಜಿನ ಕಡ್ಡಿಗಳು ಮಾತ್ರ.

"ಲೇ ಮನೋಹರ, ಕೇಳಸ್ತೈತೇನಲೇ?" ಹಾವೇರಿಯಲ್ಲಿದ್ದ ಗೆಳೆಯನೊಡನೆ ಅವನು ಹೊಲದಾಚೆಯವರನ್ನು ಕರೆಯುವಂತೆ ಮಾತಾಡಿದ. "ರಾತ್ರಿಯಿಂದ ನಿದ್ದಿ ಇಲ್ಲಲೇ. ಎರಡೂ ಒಂದ ತರಾ ಅದಾವು, ಯಾವುದು ಯಾವುದಂತ ಗುರ್ತ ಹತ್ತಂಗಿಲ್ಲ. ಹೌದು, ಎರಡೂ ಒಂದ ಜಾಗಾದಾಗ ಅದಾವು, ಅದ ತ್ರಾಸ ಆಗೇತಿ. ಒಂದು ಬರಬೇಕಾಗಿತ್ತು, ಎರಡು ಬರಾಕತ್ತಾವು. ಏನ ಮಾಡಿದ್ರೂ ನಾರ್ಮಲ್ ಆಗವಲ್ದು. ಮಧ್ಯಾಹ್ನದೊಳಗ ಆಗಲಿಲ್ಲಂದ್ರ ನನ್ನ ಕತಿ ಮುಗೀತು."

ಮನೋಹರ ಪುಸ್ತಕ ನೋಡಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಹೊರಳಿ ನೋಡಿದರೆ ನಳದ ಕೆಳಗೆ ಕೊಡ ತುಂಬಿ ಚೆಲ್ಲುತ್ತಿತ್ತು. ಯಾರೂ ಅದನ್ನು ಎತ್ತುತ್ತಿರಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಅವರ ಮುಂದಾಳು ಗುತ್ತೆವ್ವ. ಎದುರು ಮನೆಯವಳು. ಚಾಳಿನಲ್ಲಿ ಯಾರಿಗೆ ಸೀನು ಬಂದರೂ ಅವಳ ಮನೆಯಲ್ಲಿ ಕಷಾಯ ಕುದಿಯುತ್ತಿತ್ತು. ವಿಜಯಮಹಾಂತೇಶನ ಹೆಂಡತಿ ಸುರೇಖಾ ತವರುಮನೆ ಬ್ಯಾಡಗಿಗೆ ಹೋದಾಗಿನಿಂದ ಅವಳ ಅಂತಃಕರಣವೆಲ್ಲ ಅವನ ಕಡೆಗೇ ಹರಿಯುತ್ತಿತ್ತು. ಸುರೇಖಾ ಹೋದದ್ದು ಚಿಕ್ಕಪ್ಪನ ಮಗಳ ನಿಶ್ಚಯಕ್ಕೆ. ಆದರೆ ಹೊಸದಾಗಿ ಮದುವೆಯಾದವಳು ತವರಿಗೆ ಹೋಗಿ ಲಗೂ ಬರಲಿಲ್ಲವೆಂದರೆ ಅದಕ್ಕೆ ಚಾಳಿನಲ್ಲಿ ಒಂದೇ ಅರ್ಥ.

ಸ್ವಲ್ಪ ಹೊತ್ತಿಗೆ ಗುತ್ತೆವ್ವ ಒಂದು ತಾಟು ಉಪ್ಪಿಟ್ಟು ಹಿಡಿದು ಬಂದಳು.

"ತಮ್ಮಾ, ಎರಡದಾವಂತ?"

ನೆಲದ ಮೇಲೆ ಹರಡಿದ್ದ ಹಾಳೆಗಳಿಂದ ತಲೆ ಎತ್ತದೆ ಅವನು "ಹೌದ್ರಿ ಗುತ್ತೆವ್ವಾರ, ಎರಡು" ಎಂದ.

"ಎರಡೂ ಒಂದ ತರಾ?"

"ಒಂದ ತರಾನ್ರಿ. ಕೂದಲೆಳಿ ಫರಕ್ ಇಲ್ಲ." ತನ್ನ ವಿಷಯದಲ್ಲಿ ಚಾಳಿನವರೊಬ್ಬರು ಆಸಕ್ತಿ ತೋರಿದ್ದು ಅದೇ ಮೊದಲು. ಅವನಿಗೆ ಖುಷಿಯೇ ಆಯಿತು.

"ನಾರ್ಮಲ್ ಆಗಂಗಿಲ್ಲಂತ ಖರೇನ ಹೇಳ್ಯಾರೇನು?"

"ಆಗಬೇಕ್ರಿ. ಆಗಲಿಲ್ಲಂದ್ರ ಇವತ್ತ ದೊಡ್ಡ ದೊಡ್ಡವರೆಲ್ಲ ಬರಾಕತ್ತಾರ, ಕೊಯ್ದು ಹಾಕ್ತಾರ."

ಗುತ್ತೆವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಹೆದರಬ್ಯಾಡ. ಈಗ ಕೊಯ್ಯೋದೇನ ದೊಡ್ಡ ಮಾತಲ್ಲ. ನಮ್ಮ ಅಕ್ಕನ ಸೊಸಿದೂ ಕೊಯ್ದ ಮಾಡಿದ್ರು, ಈಗ ಕೊಡ ಹೊರ್ತಾಳ."

ಅಕ್ಕನ ಸೊಸೆಯೂ ಫಿಜಿಕ್ಸ್ ಓದಿರಬೇಕು ಎಂದುಕೊಂಡು ವಿಜಯಮಹಾಂತೇಶ ಉಪ್ಪಿಟ್ಟು ತಿಂದ.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚಹದ ತಟ್ಟೆ ಬಂದಾಗ ಅವನಿಗೆ ಎಲ್ಲವೂ ಹೊಳೆಯಿತು. ತಟ್ಟೆಯಲ್ಲಿ ಎರಡು ಗ್ಲಾಸುಗಳಿದ್ದವು, ಒಂದೇ ಅಳತೆ, ಒಂದೇ ಬಣ್ಣ. ಒಂದು ತನ್ನೆದುರು, ಇನ್ನೊಂದು ಆಚೆ ಇದ್ದಿದ್ದರೆ ಅದಲು ಬದಲು ಮಾಡಿದಾಗ ಎರಡು ಬಗೆ ಆಗುತ್ತದೆ. ಎರಡೂ ಅದೇ ತಟ್ಟೆಯಲ್ಲಿದ್ದರೆ ಏನು ಅದಲು ಬದಲು ಮಾಡಿದರೂ ಬಗೆ ಒಂದೇ. ಒಂದನ್ನೇ ಎರಡು ಸಲ ಎಣಿಸಿ ಕೂಡಿಸುತ್ತಿದ್ದೆನಲ್ಲ ಎಂದು ಅವನು ನಕ್ಕ. ಅಲ್ಲಿ ಕೂಡಿಸುವ, ಭಾಗಿಸುವ ಕೆಲಸವೇ ಇಲ್ಲ, ಇದ್ದದ್ದನ್ನು ಇದ್ದಂತೆ ಬರೆದರೆ ಉತ್ತರ ಒಂದು. ರಾತ್ರಿಯ ಭಾರವೆಲ್ಲ ಇಳಿದು, ಅವನು ಎರಡೂ ಗ್ಲಾಸು ಚಹ ತಾನೇ ಕುಡಿದ.

ಎರಡನೆಯ ಗ್ಲಾಸು ಕನ್ನಡ ಕಲಿಸುವ ಹುಲಿಗೇಶನದು. ಆದರೆ ಬಾಗಿಲಲ್ಲಿ ಬಂದು ನಿಂತ ಹುಲಿಗೇಶನ ಮುಖದಲ್ಲಿ ಚಹದ ಚಿಂತೆ ಇರಲಿಲ್ಲ. "ಪ್ರಿನ್ಸಿಪಾಲರು ಕರೀತಾರ, ಲಗೂ ಬಾ. ಧೈರ್ಯ ತಗೋ" ಎಂದ.

ಅಷ್ಟರಲ್ಲಿ ಬಹಳ ಕೆಲಸ ನಡೆದುಹೋಗಿತ್ತು. ಗುತ್ತೆವ್ವನ ತಮ್ಮ ಬ್ಯಾಡಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ, ಸುರೇಖಾಳ ತವರುಮನೆಯ ಓಣಿಯಲ್ಲೇ. ಗುತ್ತೆವ್ವ ತಮ್ಮನಿಗೆ ಫೋನು ಮಾಡಿದಳು, ತಮ್ಮ ಸುರೇಖಾಳ ತಾಯಿ ಸಿದ್ದವ್ವನನ್ನು ಅಂಗಡಿಗೆ ಕರೆಸಿದ. ಹೊಟ್ಟೆಯಲ್ಲಿ ಅವಳಿ ಇವೆಯಂತೆ, ನಾರ್ಮಲ್ ಆಗುವುದಿಲ್ಲವಂತೆ, ಮಧ್ಯಾಹ್ನದೊಳಗೆ ಕೊಯ್ಯಬೇಕಂತೆ ಎಂದು ಕೇಳಿದ ಸಿದ್ದವ್ವ ಮನೆಗೆ ಬಂದಳು. ಸುರೇಖಾ ಹಿಂದಿನ ದಿನ ನಿಶ್ಚಯದ ಮನೆಯ ಮಿರ್ಚಿ ಭಜಿ ಮನಸಾರೆ ತಿಂದು, ಅಂದು ಮುಂಜಾನೆ ಹಿತ್ತಲಲ್ಲಿ ನಿಂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಇನ್ನೇನು ಸಾಕ್ಷಿ ಬೇಕು? "ನಾ ಬಸುರಿ ಅಲ್ಲಬೇ" ಎಂದು ಅವಳು ಎಷ್ಟು ಹೇಳಿದರೂ ತಾಯಿ ನಂಬಲಿಲ್ಲ. "ಅಳಿಯಾರು ಸೈನ್ಸ್ ಕಲ್ತವರು. ನಿನಗಿಂತ ಅವರಿಗೆ ಗೊತ್ತಿರ್ತೈತಿ" ಎಂದು ಮಗಳನ್ನು ಹಾವೇರಿಗೆ ಕರೆದೊಯ್ದಳು. ಹೋಗುವಾಗ ಅಂಗಡಿಯಿಂದ ಕಾಲೇಜಿಗೊಂದು ಫೋನೂ ಮಾಡಿಸಿದಳು.

ಪ್ರಿನ್ಸಿಪಾಲ್ ಹಾಲೇಶಪ್ಪನವರು ಕುರ್ಚಿಯಿಂದ ಎದ್ದು ಬಂದು ವಿಜಯಮಹಾಂತೇಶನ ಭುಜದ ಮೇಲೆ ಕೈ ಇಟ್ಟರು. ಅವರು ಯಾರ ಭುಜದ ಮೇಲೂ ಕೈ ಇಡುವವರಲ್ಲ.

"ನಿಮ್ಮ ಮನಿಯವರನ್ನ ಹಾವೇರಿ ಆಸ್ಪತ್ರಿಗೆ ಒಯ್ದಾರ. ಅವಳಿ ಅಂತ. ನಾರ್ಮಲ್ ಆಗಂಗಿಲ್ಲಂತ. ಇಷ್ಟ ದೊಡ್ಡ ಸಂಗತಿ ಇಟ್ಕೊಂಡು ನೀವು ಪಾಠಕ್ಕ ಬಂದೀರಲ್ಲ."

"ಸರ್, ನನ್ನ ಹೆಂಡ್ತಿ ಬಸುರಿ ಅಲ್ರಿ."

"ಗಂಡಸರಿಗೆ ಕಡೀಕ ಗೊತ್ತಾಗ್ತೈತಿ" ಎಂದರು ಹಾಲೇಶಪ್ಪನವರು. ಅವರಿಗೆ ಐವರು ಮಕ್ಕಳು. "ಹೋಗ್ರಿ. ಕಮಿಟಿಯವರಿಗೆ ನಾ ಹೇಳ್ತೇನಿ. ಅವರೂ ಮನಷ್ಯಾರು, ಇನ್ನೊಂದ ದಿನ ಇಟ್ಕೋತಾರ."

ಸುರೇಖಾಳ ತವರುಮನೆಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಹೋಗುವಾಗ ಹೇಗಿದ್ದಳು ಎಂದು ಅವನು ನೆನಪು ಮಾಡಿಕೊಂಡ. ಹಸಿರು ಸೀರೆ ಉಟ್ಟಿದ್ದಳು. ಅದಕ್ಕಿಂತ ಹೆಚ್ಚಿಗೆ ಏನೂ ಗಮನಿಸಿರಲಿಲ್ಲ. ಹಾಳಾದ ಕಣಗಳನ್ನು ನೋಡುತ್ತ ಕೂತು ಹೆಂಡತಿಯನ್ನು ನೋಡಲೇ ಇಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಪಾಠ ಹೋಗಲಿ ಎಂದು ಹುಲಿಗೇಶನ ಬೈಕು ಹತ್ತಿದ.

ಹೈವೇ ಉದ್ದಕ್ಕೂ ಹುಲಿಗೇಶ ಹಿಂದೆ ತಿರುಗಿ ತಿರುಗಿ ಸಮಾಧಾನ ಹೇಳಿದ. ಎರಡೂ ಗಂಡಾದರೆ ಯಾವ ಹೆಸರು, ಒಂದು ಗಂಡು ಒಂದು ಹೆಣ್ಣಾದರೆ ಯಾವ ಹೆಸರು ಎಂದು ಪ್ರಾಸ ಕೂಡಿಸಿದ. ಹೀಗೆ ಹಿಂದೆ ನೋಡುತ್ತ ಮೊಟೆಬೆನ್ನೂರಿನ ಹತ್ತಿರ ಮುಂದಿದ್ದ ತೆಗ್ಗು ನೋಡಲಿಲ್ಲ. ಬೈಕಿನ ಗಾಲಿ ಬುಸ್ಸೆಂದು ಪಂಕ್ಚರಾಯಿತು.

ಬ್ಯಾಡಗಿ ಮಾರ್ಕೆಟ್ಟಿನಿಂದ ಒಣಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿ ಕಡೆ ಹೊರಟಿದ್ದ ಟೆಂಪೊ ಒಂದು ಕೈ ಮಾಡಿದ್ದಕ್ಕೆ ನಿಂತಿತು. ಮುಂದೆ ಜಾಗ ಇರಲಿಲ್ಲ. ವಿಜಯಮಹಾಂತೇಶ ಹಿಂದೆ ಚೀಲಗಳ ಮೇಲೆ ಹತ್ತಿದ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಅದರ ಚೀಲಗಳ ಮೇಲೆ ಕೂತು ಹಾವೇರಿಗೆ ಹೋಗಿರುವುದಿಲ್ಲ. ಆಸ್ಪತ್ರೆಯ ಎದುರು ಇಳಿಯುವಾಗ ಅವನ ಕಣ್ಣು ಕೆಂಡದಂತಾಗಿ, ಮೂಗು ನಳದಂತೆ ಸೋರುತ್ತಿತ್ತು. ಅಂಗಿಗೆ ಕುಂಕುಮ ಎರಚಿದ ಹಾಗೆ ಮೆಣಸಿನಕಾಯಿಯ ಪುಡಿ ಹತ್ತಿತ್ತು.

ಅವನು ಆ ಅವತಾರದಲ್ಲಿ ಹೆರಿಗೆ ವಿಭಾಗದೊಳಗೆ ಬಂದದ್ದೇ, ಬೆಂಚುಗಳ ಮೇಲಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ಒಬ್ಬ ಮುದುಕಿ ತನ್ನ ಸೆರಗಿನಿಂದಲೇ ಅವನ ಕಣ್ಣೊರೆಸಿ, "ಅಳಬ್ಯಾಡಪಾ, ಗಂಡಸ ಮಗ ನೀನು" ಎಂದಳು. ಅದರಿಂದ ಕಣ್ಣು ಇನ್ನಷ್ಟು ಉರಿದು ಅವನು ಮತ್ತಷ್ಟು ಅತ್ತ.

ಸುರೇಖಾ ಮೂಲೆಯ ಬೆಂಚಿನ ಮೇಲೆ ಗಟ್ಟಿಮುಟ್ಟಾಗಿ ಕೂತಿದ್ದಳು. ಪಕ್ಕದಲ್ಲಿ ಮೋಸಂಬಿಯ ಚೀಲ ಇತ್ತು, ಇನ್ನೊಂದು ಪಕ್ಕದಲ್ಲಿ ತಾಯಿ.

"ಬಂದ್ರೇನು" ಎಂದಳು ಸುರೇಖಾ. "ಸ್ಕ್ಯಾನಿಂಗ್ ಆತು. ಎರಡೂ ಇಲ್ಲ, ಒಂದೂ ಇಲ್ಲ. ಭಜಿ ತಿಂದು ಪಿತ್ತ ಆಗೇತಿ ಅಂದ್ರು. ಡಾಕ್ಟರ್ ನಗಾಕತ್ತಿದ್ರು. ಅವಳಿ ಅಂತ ಯಾರಿಗೆ ಹೇಳಿದ್ರಿ ನೀವು?"

ಅವನು ಮುಂಜಾನೆ ಆಡಿದ ಮಾತನ್ನು ಒಂದೊಂದಾಗಿ ನೆನಪಿಸಿಕೊಂಡ. ಅತ್ತೆಯ ಕಡೆ ತಿರುಗಿದ. "ನಾ ಹೇಳಿದ್ದು ಕಣದ ಮಾತ್ರಿ ಅತ್ತಿ. ಒಂದ ತರದ ಎರಡು ಕಣ."

ಸಿದ್ದವ್ವ ಬೆಂಚಿನ ಅಂಚಿಗೆ ಸರಿದು ಕೂತಳು. "ಕಣ ಅಂದ್ರ ರಾಶಿ ಮಾಡೋ ಕಣ ಏನ್ರಿ ಅಳಿಯಾರ? ನಿಮಗ ಒಂದ ಎಕರೆ ಹೊಲ ಇಲ್ಲ. ಎರಡೆರಡು ಕಣ ಎಲ್ಲಿಂದ ಬಂದ್ವು?"

ಸುರೇಖಾ ಸೆರಗು ಬಾಯಿಗಿಟ್ಟುಕೊಂಡಳು. ಅವಳ ಭುಜ ಅಲುಗುವುದನ್ನು ನೋಡಿ ಅವನು ಅಳುತ್ತಿದ್ದಾಳೆಂದು ಗಾಬರಿಯಾದ. ಅವಳು ನಗುತ್ತಿದ್ದಳು. ಆ ನಗು ಕಂಡು ಅವನ ಎದೆ ಹಗುರಾಯಿತು. ನೌಕರಿ ಹೋದರೂ ಇವಳು ಚೆನ್ನಾಗಿದ್ದಾಳಲ್ಲ, ಅಷ್ಟು ಸಾಕು ಎನಿಸಿತು.

ಆಗಲೇ ಅವನು ಎದುರಿನ ಬೆಂಚನ್ನು ನೋಡಿದ್ದು. ಅಲ್ಲಿ ಪ್ರೊಫೆಸರ್ ಸಿದ್ದಲಿಂಗಪ್ಪನವರು ಕೂತಿದ್ದರು.

ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಅವರನ್ನು ಹತ್ತಿರದಿಂದ ಕಂಡಿದ್ದ. ಅದೇ ಅಗಲ ಹಣೆ, ಅದೇ ಬಿಳಿ ಮೀಸೆ, ಕಿವಿಯ ಮೇಲೆ ಅದೇ ಕೂದಲಿನ ಗುಂಪು. ವಿಜಯಮಹಾಂತೇಶ ಮೂಗೊರೆಸಿಕೊಂಡು ಹೋಗಿ ಕೈಮುಗಿದ.

"ಸರ್, ನೀವು ಇಲ್ಲಿ?"

"ಮಗಳ ಹೆರಿಗಿ ಐತಪಾ. ಎಲ್ಲಾ ಕೆಲಸ ಬಿಟ್ಟು ಓಡಿ ಬಂದೇನಿ. ನೀ ಯಾರು?"

"ವಿಜಯಮಹಾಂತೇಶ ಅಂತ್ರಿ, ರಾಣೇಬೆನ್ನೂರ ಕಾಲೇಜು. ಇವತ್ತ ನಿಮ್ಮ ಮುಂದ ಪಾಠ ಮಾಡಬೇಕಾಗಿತ್ರಿ. ಇಲ್ಲೆ ತ್ರಾಸ ಆಗಿ ಬಂದೆ."

ಅವರು ಅವನ ಕಣ್ಣು, ಮೂಗು, ಅಂಗಿ ನೋಡಿದರು. ಮರುಕದ ದನಿಯಲ್ಲಿ "ಮಾಡಪಾ ಹಂಗಾದ್ರ. ನನಗೂ ಹೊತ್ತು ಹೋಗಬೇಕಲ್ಲ" ಎಂದರು.

ಇಂಥ ಅದೃಷ್ಟ ತನಗೆ ಒಲಿಯುವುದೆಂದು ವಿಜಯಮಹಾಂತೇಶ ಎಣಿಸಿರಲಿಲ್ಲ. ಪರೀಕ್ಷೆ ಮಾಡುವವರೇ ಎದುರು ಸಿಕ್ಕಿರುವಾಗ ಕಾಲೇಜಿಗೆ ಫೋನು ಮಾಡಿ ಕೇಳುವ ಅಗತ್ಯವೂ ಕಾಣಲಿಲ್ಲ. ಬೋರ್ಡು ಇರಲಿಲ್ಲ, ಸೀಮೆಸುಣ್ಣ ಇರಲಿಲ್ಲ. ಹೆಂಡತಿಯ ಕಡೆಯಿಂದ ಎರಡು ಮೋಸಂಬಿ, ಎರಡು ಕೈಚೀಲ ಇಸಕೊಂಡು ಬೆಂಚಿನ ಮೇಲೆ ಇಟ್ಟ.

"ಈ ಎರಡು ಮೋಸಂಬಿ ಒಂದ ತರಾ ಅದಾವಂತ ತಿಳ್ಕೊಳ್ರಿ ಸರ್. ಕಲಿ ಇಲ್ಲ, ಗುರ್ತಿಲ್ಲ. ಒಂದು ಈ ಚೀಲದಾಗ, ಒಂದು ಆ ಚೀಲದಾಗ. ನೀವು ಕಣ್ಣು ಮುಚ್ಚಿದಾಗ ನಾ ಅದಲು ಬದಲು ಮಾಡಿದ್ರ ಗೊತ್ತಾಗ್ತೈತೇನ್ರಿ?"

"ಗೊತ್ತಾಗಂಗಿಲ್ಲ."

"ಗೊತ್ತಾಗಂಗಿಲ್ಲ ಅಂದಮ್ಯಾಲೆ ಇದೂ ಖರೇ, ಅದೂ ಖರೇ. ಎರಡನ್ನೂ ಕೂಡಿಸಿ ಬರೀಬೇಕು. ಬರದ್ರ ಲೆಕ್ಕ ಹೆಚ್ಚಾಕ್ಕೈತಿ. ಒಟ್ಟು ಒಂದ ಬರಬೇಕಲ್ರಿ? ಅದಕ್ಕ ಎರಡರ ವರ್ಗಮೂಲದಿಂದ ಭಾಗಿಸೋದು."

ಅವರು ತಲೆದೂಗಿದರು. "ಬರೋಬ್ಬರಿ. ಇದು ನಮ್ಮ ಮನ್ಯಾಗ ದಿನಾ ನಡಿಯೋ ಮಾತಪಾ."

ಪ್ರೊಫೆಸರರ ಮನೆಯಲ್ಲಿ ನಡೆಯದೆ ಇನ್ನೆಲ್ಲಿ ನಡೆಯುತ್ತದೆ ಎಂದು ಅವನು ಭಕ್ತಿಯಿಂದ ಮುಂದುವರಿಸಿದ. ಈಗ ಎರಡೂ ಮೋಸಂಬಿ ಒಂದೇ ಚೀಲದಲ್ಲಿ ಇಟ್ಟ. ಅದಲು ಬದಲು ಮಾಡಿದರೂ ಹೊಸದೇನೂ ಆಗುವುದಿಲ್ಲ, ಬಗೆ ಒಂದೇ, ಆದ್ದರಿಂದ ಇಲ್ಲಿ ಕೂಡಿಸಲೂಬಾರದು, ಭಾಗಿಸಲೂಬಾರದು, ಹಾಗೆ ಮಾಡಿದರೆ ಒಂದು ಬರಬೇಕಾದಲ್ಲಿ ಎರಡು ಬರುತ್ತದೆ ಎಂದು ವಿವರಿಸಿದ. ಮೊದಲು ಕಣ್ಣೊರೆಸಿದ ಮುದುಕಿ, ಅತ್ತ ಇತ್ತ ಕೂತಿದ್ದ ನಾಲ್ಕಾರು ಗಂಡಂದಿರು ಎಲ್ಲರೂ ಸುತ್ತ ನೆರೆದರು. ಎಲೆಕ್ಟ್ರಾನುಗಳಾದರೆ ಎರಡು ಒಂದೇ ಚೀಲದಲ್ಲಿ ಇರುವುದೇ ಸಾಧ್ಯವಿಲ್ಲ, ಉತ್ತರ ಸೊನ್ನೆ ಬರುತ್ತದೆ ಎಂದು ಹೇಳಲು ಚೀಲದೊಳಗೆ ಕೈ ಹಾಕಿದರೆ ಒಂದೇ ಮೋಸಂಬಿ ಸಿಕ್ಕಿತು. ಇನ್ನೊಂದನ್ನು ಸುರೇಖಾ ಸುಲಿದು ತಿನ್ನುತ್ತಿದ್ದಳು.

"ನನಗ ತಿಳೀತ್ರಿ" ಎಂದಳು ಅವಳು, ಒಂದು ತೊಳೆ ಅವನ ಕೈಗಿಡುತ್ತ. "ಇಷ್ಟು ದಿನ ಹಾಳಿ ಮ್ಯಾಲೆ ಏನ ಗೀಚ್ತಾರಪಾ ಅಂತಿದ್ದೆ. ಹಿಂಗ ಹೇಳಿದ್ರ ಯಾರಿಗೆ ತಿಳಿಯಂಗಿಲ್ಲ."

ಏಳು ವರ್ಷದ ನೌಕರಿಯಲ್ಲಿ ಇಂಥ ಪಾಠ ಅವನು ಮಾಡಿರಲಿಲ್ಲ. ಎದುರಿಗಿದ್ದವರು ಅವನ ಬೆನ್ನು ಚಪ್ಪರಿಸಿ, "ಭಾಳ ಚಲೋ ಹೇಳಿದಿ. ಇಷ್ಟು ಬಿಡಿಸಿ ನನಗ ಯಾರೂ ಹೇಳಿರಲಿಲ್ಲ" ಎಂದರು. ಅಷ್ಟು ದೊಡ್ಡ ವಿದ್ವಾಂಸರ ಬಾಯಲ್ಲಿ ಅಷ್ಟು ವಿನಯದ ಮಾತು ಕೇಳಿ ಅವನ ಕಣ್ಣು, ಈ ಸಲ ಖರೇನೇ, ಒದ್ದೆಯಾಯಿತು.

ಹೆರಿಗೆ ಕೋಣೆಯ ಬಾಗಿಲು ತೆರೆಯಿತು. ನರ್ಸು ಹೊರಗೆ ಬಂದು, "ಮೈಲಾರೆಪ್ಪನವರು ಯಾರ್ರಿ? ನಾರ್ಮಲ್ ಆತ್ರಿ. ಹೆಣ್ಣು ಕೂಸು" ಎಂದಳು.

ಪ್ರೊಫೆಸರರು ಎದ್ದು ನಿಂತರು. "ನಾನವ್ವಾ."

ವಿಜಯಮಹಾಂತೇಶ ಅವರ ಮುಖ ನೋಡಿದ. "ಸರ್, ನೀವು ಸಿದ್ದಲಿಂಗಪ್ಪನವರು..."

"ಸಿದ್ದಲಿಂಗ ನಮ್ಮ ಅಣ್ಣಪಾ. ನನಗಿಂತ ಒಂದೀಟು ಮೊದಲ ಹುಟ್ಯಾನ, ಅವಳಿ ನಾವು. ಅಂವ ಕಲ್ತು ಪ್ರೊಫೆಸರ್ ಆದ, ನಾ ಬ್ಯಾಡಗ್ಯಾಗ ಮೆಣಸಿನಕಾಯಿ ದಲಾಲಿ ಮಾಡ್ತೇನಿ. ನಮ್ಮವ್ವಗೂ ಗುರ್ತ ಹತ್ತತಿರಲಿಲ್ಲ. ಕಂಡವರೆಲ್ಲ ನನಗ ಸರ್ ಸರ್ ಅಂತಾರ, ಬ್ಯಾಡ ಅನ್ನೋದ ಬಿಟ್ಟೇನಿ." ಅವನ ಮುಖದ ಬಣ್ಣ ಇಳಿದದ್ದು ನೋಡಿ ಮೈಲಾರೆಪ್ಪ ಅವನ ಕೈ ಹಿಡಿದುಕೊಂಡರು. "ಯಾಕ ಸಪ್ಪಗಾದಿ? ಅಣ್ಣ ಇವತ್ತ ನಿಮ್ಮ ಕಾಲೇಜಿಗೇ ಹೋಗ್ಯಾನ. ತಡಿ, ಮೊಮ್ಮಗಳ ಸುದ್ದಿ ಹೇಳಬೇಕು, ಹಂಗ ನಿನ್ನ ಸುದ್ದೀನೂ ಹೇಳ್ತೇನಿ."

ಬ್ಯಾಡವೆನ್ನುವಷ್ಟರಲ್ಲಿ ಅವರು ಮೊಬೈಲಿನ ಗುಂಡಿ ಒತ್ತಿದ್ದರು. ಮೊದಲು ಹೆಣ್ಣು ಕೂಸಿನ ಸುದ್ದಿ ಆಯಿತು. ಆಮೇಲೆ ಇವನತ್ತ ನೋಡಿ ಕಣ್ಣು ಮಿಟುಕಿಸಿದರು.

"ಅಣ್ಣಾ, ಇಲ್ಲೊಬ್ಬ ಹುಡುಗ ಅದಾನ ನೋಡು, ನಿನ್ನ ಮುಂದ ಪಾಠ ಮಾಡಬೇಕಾಗಿದ್ದಂವ. ಏನಂದಿ? ಅಂವಗ ಅವಳಿ ಹುಟ್ತಾವ, ಅದಕ್ಕ ರಜಾ ಹೋಗ್ಯಾನಂದ್ರಾ? ಇಲ್ಲೋ ಮಾರಾಯಾ, ಹೆಂಡ್ತಿ ಬಸುರಿ ಸೈತ ಅಲ್ಲ. ಇಲ್ಲೆ ಕುಂತು ಮೋಸಂಬಿ ತಿನ್ನಾಕತ್ತಾಳ."

ವಿಜಯಮಹಾಂತೇಶ ಕೈ ಅಡ್ಡ ಆಡಿಸಿದ. ಮೈಲಾರೆಪ್ಪ ಅದನ್ನು ನಾಚಿಕೆಯೆಂದು ತಿಳಿದು ಇನ್ನೂ ಹುರುಪಿನಿಂದ ಹೇಳಿದರು.

"ಪಾಠ ಭಾಳ ಚಲೋ ಮಾಡ್ತಾನ ಅಣ್ಣಾ. ನನ್ನಂಥವಗೂ ತಲಿಗೆ ಹೋತು. ಹೇಳ್ಲಿ? ಎರಡೂ ಬ್ಯಾರೆ ಬ್ಯಾರೆ ಚೀಲದಾಗ ಇದ್ರ ಹಂಗ ಬಿಡಬೇಕು. ಎರಡೂ ಒಂದ ಚೀಲದಾಗ ಇದ್ರ ವರ್ಗಮೂಲದಿಂದ ಭಾಗಿಸಬೇಕು. ಹೌದು, ಅಂವನ ಹಂಗ ಹೇಳಿದ್ದು. ಖರೇ, ನನ್ನ ಕಿವ್ಯಾರ ಕೇಳೇನಿ. ಹೆಸರಾ? ವಿಜಯಮಹಾಂತೇಶ. ವಿಜಯ, ಮಹಾಂತೇಶ. ಹೂಂ, ರಾಣೇಬೆನ್ನೂರು."

"ಸರ್, ತಿರುಗಾ ಮುರುಗಾ ಆತ್ರಿ" ಎಂದು ಅವನು ಫೋನಿಗೆ ಕೈ ಚಾಚಿದ. ಆದರೆ ಅಷ್ಟರಲ್ಲಿ ಮೈಲಾರೆಪ್ಪನವರ ಕರೆನ್ಸಿ ಮುಗಿದು ಫೋನು ಬಂದಾಯಿತು. ಅವರು ಅದನ್ನು ಕಿಸೆಗಿಟ್ಟು, ಯಾರೋ ತಂದ ಧಾರವಾಡ ಪೇಡೆಯ ಪೊಟ್ಟಣ ಬಿಚ್ಚಿ, ದೊಡ್ಡದೊಂದನ್ನು ಆರಿಸಿ ಅವನ ಬಾಯಿಗಿಟ್ಟರು.

"ಚಿಂತಿ ಬಿಡು, ನಿನ್ನ ಕೆಲಸ ಆತು" ಎಂದರು ತೃಪ್ತಿಯಿಂದ. "ಅಣ್ಣ ಯಾರ ಹೆಸರೂ ಹಂಗ ಕೇಳಾಂವಲ್ಲ. ನಿನ್ನ ಹೆಸರು ಎರಡೆರಡು ಸಲ ಕೇಳಿ ಬರಕೊಂಡ."